ಅಕ್ಷಯಾಗೊಂದು ಪಿ.ಪಿ. ಕಾಲ್

ಭೀಮಾಬಾಯಿ. ಹೌದು ಮೇಡಂ, ಭೀಮಾಬಾಯಿ. ಅಕ್ಷಯಾನ ಅಜ್ಜಿ, ಅವರಪ್ಪನ್ನ ಹೆತ್ತವಳು. ಈ ಮನೇಲಿ ಬೇರೆ ಭೀಮಾಬಾಯಿ ಯಾರೂ ಇಲ್ಲ… ಅಯ್ಯೋ, ಅಯ್ಯೋ, ಕಾಫಿ! ಸೀರೆ ಮೇಲೆ ಬಿತ್ತಾ? ಹೆಸರು ಕೇಳಿದ್ರಿ, ಹೇಳಿದೆ. ಅಷ್ಟಕ್ಕೇ ಡಬರಾ ಕೈಯಿಂದ ಜಾರೋದಾ! ತಾಳಿ, ಒದ್ದೆ ಬಟ್ಟೆ ತರ್ತೀನಿ. ಬೇಡವಾ? ಮತ್ತೆ ಯಾಕೆ ಹಾಗೆ ನೋಡ್ತೀರಿ, ದೆವ್ವ ನೋಡಿದ ಹಾಗೆ?

ಅಕ್ಷಯಾನಾ? ಆಗಲೇ ಹೇಳಿದೆನಲ್ಲ, ಮನೇಲಿಲ್ಲ. ಟಿ. ನಗರಕ್ಕೆ ಹೋಗಿದಾಳೆ, ಟೈಲರ್ ಹತ್ರ. ಯಾವಾಗ ಬರ್ತಾಳೋ ಏನೋ. ಶನಿವಾರ ಬೇರೆ. ಆ ಜನದೊಳಗೆ ಹೋದವರು ತಾವಾಗಿ ಹೊರಗೆ ಬರೋದುಂಟಾ, ಯಾರಾದ್ರೂ ತಳ್ಳಿದ್ರೆ ಬರ್ತಾರೆ. ಏನು ನೋಡ್ತಿದ್ದೀರಿ ಬಾಗಿಲ ಹತ್ರ? ಓ, ಆ ಚಪ್ಪಲೀನಾ! ನನ್ನವೇ. ಗುಲಾಬಿ ಬಣ್ಣ ಆದ್ರೇನು? ಅರವತ್ತಾರು ವರ್ಷದವಳು ಗುಲಾಬಿ ಚಪ್ಪಲಿ ಹಾಕಬಾರದು ಅಂತ ಎಲ್ಲಾದ್ರೂ ಬರೆದಿದೆಯಾ? ಹಿಮ್ಮಡಿ ಸ್ವಲ್ಪ ಹೊರಗೆ ಬರತ್ತೆ. ಅದಕ್ಕೇನು, ಗಾಳಿಯಾಡತ್ತೆ.

ನಗಿ, ನಗಿ. ನಕ್ಕರೆ ಗಂಟಲಿಗೂ ಒಳ್ಳೇದು. ಈಗ ಹೇಗಿದೆ ಗಂಟಲು? ಬುಧವಾರ ಪೂರ್ತಿ ಕೆಮ್ತಾನೇ ಪಾಠ ಮಾಡಿದ್ರಿ, ಪಾಪ. ಮಧ್ಯ ಮೂರು ಸಲ ನೀರು ಕುಡಿದ್ರಿ. ನೀರಿಗೆ ಒಂದು ಚೂರು ಅತಿಮಧುರ ಹಾಕ್ಕೊಳ್ಳಿ ಅಂತ ಹೇಳೋಣ ಅಂತ ನಾಲಿಗೆ ತುದಿಗೆ ಬಂದು…

ನನಗೆ ಹೇಗೆ ಗೊತ್ತು ಅಂದ್ರೆ? ಅಕ್ಷಯಾ ಹೇಳಿದ್ಲು. ಎಲ್ಲಾ ಹೇಳ್ತಾಳೆ ಅವಳು. ಮೇಡಂ ಹೀಗೆ ಕೆಮ್ಮಿದ್ರು, ಹಾಗೆ ಕೆಮ್ಮಿದ್ರು…

ಬಿಡಿ. ನಿಮ್ಮ ವಿಷಯ ಹೇಳಿ. ತೇಜಶ್ರೀ ಅಂತ ಹೆಸರು ಕೇಳಿದಾಗಲೇ ನಮ್ಮ ಕಡೆ ಹುಡುಗಿ ಅಂದ್ಕೊಂಡೆ. ಹುಬ್ಬಳ್ಳಿಯವರಾ? ನಿಮ್ಮ ತಾತ ಮುರಿಗೆಪ್ಪನವರು ಇಲ್ಲಿಗೆ ಬಂದು ಮೆಣಸಿನಕಾಯಿ ವ್ಯಾಪಾರ ಮಾಡಿದ್ರಾ? ಒಳ್ಳೇದಾಯ್ತು, ಅದಕ್ಕೇ ನಿಮ್ಮ ಕನ್ನಡದಲ್ಲಿ ಇನ್ನೂ ಖಾರ ಇದೆ. ನಾವು ಐದು ತಲೆಮಾರಿಂದ ಈ ಮದ್ರಾಸು. ನಮ್ಮ ಕನ್ನಡ ಅಂದ್ರೆ ತಮಿಳಲ್ಲಿ ನೆನೆಸಿಟ್ಟ ಅವಲಕ್ಕಿ. ನಮ್ಮ ಅಕ್ಷಯಾಗೆ ಅದೂ ಇಲ್ಲ. ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಹೇಳ್ತಾಳೆ, ಬೈದ್ರೆ ಇಂಗ್ಲಿಷಲ್ಲಿ ಅಳ್ತಾಳೆ.

ಏನದು ಬ್ಯಾಗಿಂದ ತೆಗೀತಿರೋದು? ಕಾಗದಾನಾ? ಕೊಡಿ. ಕನ್ನಡಕ ತಲೆ ಮೇಲೇ ಇದೆ, ಹುಡುಕಬೇಡಿ. ಹಿಂದಿನ ಮೂರು ತಿಂಗಳ ಹಾಜರಾತಿ… ಸೋಮ, ಮಂಗಳ, ಬುಧ, ಆನ್‌ಲೈನ್ ತರಗತಿ: ನೂರಕ್ಕೆ ನೂರು. ನೋಡಿ! ನೂರು! ಗುರುವಾರ, ಶುಕ್ರವಾರ, ಕಾಲೇಜಿಗೆ ಬಂದು ಕೂರೋ ತರಗತಿ: ಸೊನ್ನೆ.

ಹೂಂ. ಸೊನ್ನೆ.

ಅಲ್ಲ ಮೇಡಂ, ಆ ಎರಡು ದಿನಕ್ಕೆ ಕಾರಣ ಕೊಟ್ಟಿದಾಳಲ್ಲ, ಒಂದೊಂದಕ್ಕೂ ಲೀವ್ ಲೆಟರ್ ಕಳಿಸಿದಾಳಲ್ಲ. ಜುಲೈನಲ್ಲಿ ಜ್ವರ. ಆಗಸ್ಟಲ್ಲಿ ಕಾಲು ಉಳುಕಿದ್ದು. ಆಮೇಲೆ ರಾಯರ ಆರಾಧನೆ. ಅದು ಮೂರೇ ದಿನ ಅಂತೀರಾ? ನಮ್ಮ ಮನೇಲಿ ಭಕ್ತಿ ಸ್ವಲ್ಪ ಜಾಸ್ತಿ. ಸೆಪ್ಟೆಂಬರಲ್ಲಿ… ಸೆಪ್ಟೆಂಬರಲ್ಲಿ ಏನು? ಎರಡು ವಾರ? ಯಾರೋ ತೀರಿಕೊಂಡಿದ್ದಕ್ಕೆ? ಎಲ್ಲಿ, ತೋರಿಸಿ. ‘ಮೈ ಬಿಲವೆಡ್ ಗ್ರ್ಯಾಂಡ್‌ಮದರ್… ಶ್ರೀಮತಿ ಭೀಮಾಬಾಯಿ…’

ಓ.

ಅದಕ್ಕಾ ಕಾಫಿ ಚೆಲ್ಲಿದ್ದು!

ಇಲ್ಲ, ನಗಬೇಡಿ, ನೀವು ನಕ್ಕರೆ ನನಗೂ ನಗು ಬರತ್ತೆ, ಆಮೇಲೆ ಸುಳ್ಳು ಹೇಳೋಕಾಗಲ್ಲ. ಹೌದಪ್ಪ, ನಾನೇ ಹೋದೆ. ಹದಿಮೂರು ದಿನದ ಮೈಲಿಗೆ ಅಂದ್ರೆ ಯಾರೂ ಪ್ರಶ್ನೆ ಕೇಳಲ್ಲ, ಎರಡು ಗುರುವಾರ ಎರಡು ಶುಕ್ರವಾರ ಸಲೀಸಾಗಿ ಕಳೆಯತ್ತೆ. ಬೇರೆಯವರನ್ನ ಸಾಯಿಸಿದ್ರೆ ಪಾಪ ಬರತ್ತೆ, ನನ್ನನ್ನ ನಾನೇ ಸಾಯಿಸ್ಕೊಂಡ್ರೆ ಯಾರಿಗೇನು ನಷ್ಟ? ಬಿಲವೆಡ್ ಅಂತ ಬೇರೆ ಹಾಕ್ಕೊಂಡಿದೀನಿ, ನೋಡಿದ್ರಾ? ಬದುಕಿರೋವಾಗ ಯಾರೂ ಹಾಕಲ್ಲ.

ಏನಂದ್ರಿ? ಅಜ್ಜಿ ಹೋದ ದಿನವೂ ಅಕ್ಷಯಾ ಬೆಳಗ್ಗೆ ಒಂಬತ್ತಕ್ಕೆ ಆನ್‌ಲೈನ್ ತರಗತೀಲಿ ಇದ್ಲಾ? ಚರ್ಚೆ ಬೇರೆ ಮಾಡಿದ್ಲಾ? ಆ ದಿನ ವಿಷಯ ಚೆನ್ನಾಗಿತ್ತು ಮೇಡಂ, ‘ಕುಟುಂಬದಲ್ಲಿ ಹಿರಿಯರ ಸ್ಥಾನ.’ ಸುಮ್ಮನಿರೋಕೆ ಆಗಲಿಲ್ಲ.

ಆಗಲಿಲ್ಲ… ಅವಳಿಗೆ. ಅಕ್ಷಯಾಗೆ.

ಇನ್ನು ಮುಚ್ಚಿ ಏನು ಪ್ರಯೋಜನ. ಹೌದು. ನಾನೇ. ಕ್ಯಾಮೆರಾ ಆಫ್, ಹೆಸರು ಅಕ್ಷಯಾ, ಹಿಂದೆ ಕೂತಿದ್ದು ಭೀಮಾಬಾಯಿ. ಮೂರು ತಿಂಗಳಿಂದ ನಿಮ್ಮ ಸಮಾಜಶಾಸ್ತ್ರ ಎರಡನೇ ವರ್ಷದ ಆನ್‌ಲೈನ್ ಪಾಠ ಒಂದನ್ನೂ ಬಿಟ್ಟಿಲ್ಲ.

ದನಿಯಾ? ನೀವು ಎಷ್ಟೋ ಸಲ ‘ಅಕ್ಷಯಾ, ನೀನು ಹೇಳಮ್ಮ’ ಅಂದ್ರಿ, ಹೇಳಿದೆ, ಗೊತ್ತಾಯ್ತಾ ನಿಮಗೆ? ಇಪ್ಪತ್ತನೇ ವಯಸ್ಸಿಗೆ ಟ್ರಂಕ್ ಎಕ್ಸ್‌ಚೇಂಜಿಗೆ ಸೇರಿದವಳು ನಾನು, ಊರಿಂದೂರಿಗೆ ಫೋನ್ ಜೋಡಿಸೋ ಆಪರೇಟರ್. ‘ನಂಬರ್ ಪ್ಲೀಸ್’ ಅಂತ ವರ್ಷಗಟ್ಟಲೆ ಹೇಳಿ ಹೇಳಿ ಮಿಕ್ಕಿದ್ದಕ್ಕೆಲ್ಲ ವಯಸ್ಸಾಯ್ತು, ದನಿಗೆ ಆಗಲಿಲ್ಲ. ಈಗಲೂ ಬ್ಯಾಂಕಿನಿಂದ ಫೋನ್ ಮಾಡೋ ಹುಡುಗರು ‘ಅಮ್ಮ ಇದ್ದಾರಾ ಪಾಪಾ’ ಅಂತ ಕೇಳ್ತಾರೆ. ಅಮ್ಮ ಹೋಗಿ ಮೂವತ್ತು ವರ್ಷ ಆಯ್ತಪ್ಪಾ ಅಂತೀನಿ.

ಕಷ್ಟ ಆಗಿದ್ದು ದನಿ ಅಲ್ಲ ಮೇಡಂ, ಮಡಿ! ಒಂಬತ್ತಕ್ಕೆ ನಿಮ್ಮ ಪಾಠ, ಒಂಬತ್ತಕ್ಕೇ ನನ್ನ ಅಡುಗೆ. ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೆ ಆ ಲ್ಯಾಪ್‌ಟಾಪ್ ಮುಟ್ಟೋದು ಹೇಗೆ? ಅದನ್ನ ಅವಳು ಹಾಸಿಗೆ ಮೇಲಿಟ್ಟು ಚಿಪ್ಸ್ ತಿಂದಿರ್ತಾಳೆ. ಅದಕ್ಕೆ ಅಡುಗೆಮನೆ ಹೊಸ್ತಿಲ ಆಚೆ ಸ್ಟೂಲ್ ಮೇಲೆ ಅದು, ಈಚೆ ನಾನು. ಮಾತಾಡಬೇಕಾದ್ರೆ ಮರದ ಸೌಟಿನ ಹಿಡಿಯಿಂದ ಆ ಉದ್ದನೆ ಕೀ ಒತ್ತೋದು. ಮರಕ್ಕೆ ಮೈಲಿಗೆ ಇಲ್ಲ ಅಂತ ನಾನೇ ಒಂದು ಶಾಸ್ತ್ರ ಮಾಡ್ಕೊಂಡೆ. ಒಂದು ದಿನ ಸೌಟು ತಪ್ಪಿ ಆ ಕೀ ಮೇಲೆ ಬಿದ್ದು, ಇಡೀ ಕ್ಲಾಸಿಗೆ ‘ಹಾಲು ಉಕ್ತು!’ ಅಂತ ಕೇಳಿಸಿತಲ್ಲ… ನೆನಪಿದೆಯಾ? ನೀವು ಹತ್ತು ನಿಮಿಷ ನಕ್ಕಿರಿ! ಆ ದಿನ ಉಕ್ಕಿದ್ದು ನಿಜವಾಗಿ ಗಸಗಸೆ ಪಾಯಸ.

ಆ ಪ್ರಬಂಧದಿಂದಾ ಅನುಮಾನ ಬಂದಿದ್ದು? ನನಗೆ ಗೊತ್ತಿತ್ತು. ‘ಒಂದು ಕೆಲಸದ ಜಾಗ ನೋಡಿ ಬರೆಯಿರಿ’ ಅಂದ್ರಿ. ಮಿಕ್ಕ ಮಕ್ಕಳೆಲ್ಲ ಪೆರುಂಗುಡಿ ಆಫೀಸು, ಕಾಫಿ ಅಂಗಡಿ ಅಂತ ಬರೆದ್ರು. ನಾನು ಟ್ರಂಕ್ ಎಕ್ಸ್‌ಚೇಂಜ್ ಬರೆದೆ. ‘ಪಕ್ಕದಲ್ಲೇ ಕೂತು ನೋಡಿದ ಹಾಗಿದೆ’ ಅಂತ ನೀವು ಅಂಚಲ್ಲಿ ಬರೆದಿದ್ರಿ. ಪಕ್ಕದಲ್ಲಲ್ಲ ಮೇಡಂ, ಅದೇ ಸ್ಟೂಲ್ ಮೇಲೆ! ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ರಿ. ಆ ಒಂದು ಮಾರ್ಕ್ ಯಾಕೆ ಕಿತ್ಕೊಂಡ್ರಿ? ಮೂರು ವಾರದಿಂದ ಕೇಳಬೇಕು ಅಂತ…

ಪಿ.ಪಿ. ಕಾಲ್ ಬಗ್ಗೆ ಬರೆದಿದ್ದು ಇಷ್ಟ ಆಯ್ತಾ? ಅದು ಈಗಿನವರಿಗೆ ಗೊತ್ತೇ ಇಲ್ಲ. ಪರ್ಟಿಕ್ಯುಲರ್ ಪರ್ಸನ್. ಅಂದ್ರೆ, ಬಾಂಬೆಯಿಂದ ಒಬ್ಬ ‘ಮಾಂಬಲಂನ ಸೀತಾರಾಮನ ಹತ್ರ ಮಾತಾಡಬೇಕು’ ಅಂತ ಬುಕ್ ಮಾಡ್ತಾನೆ. ಸೀತಾರಾಮನೇ ಬರಬೇಕು, ನಮ್ಮ ಮಾತಲ್ಲಿ ಅವನೇ ‘ಪಾರ್ಟಿ’. ಹೆಂಡತಿ ಎತ್ತಿದ್ರೂ ಕೊಡೋ ಹಾಗಿಲ್ಲ, ಅಪ್ಪ ಎತ್ತಿದ್ರೂ ಕೊಡೋ ಹಾಗಿಲ್ಲ. ನಾನು ಕಾಯ್ತೀನಿ, ಯಾರೋ ಓಡಿಹೋಗಿ ಪಕ್ಕದ ಬೀದಿಯಿಂದ ಅವನನ್ನ ಕರ್ಕೊಂಡು ಬರ್ತಾರೆ, ಅವನ ಏದುಸಿರು ಕೇಳಿಸತ್ತೆ, ಆಗ ಲೈನ್ ಕೊಟ್ಟು ನಾನು ಆಚೆಗೆ ಬಂದುಬಿಡಬೇಕು. ಕೇಳಿಸ್ಕೋಬಾರದು. ಕೇಳಿಸ್ಕೋತಿದ್ವಿ, ಅದು ಬೇರೆ. ಪ್ರಬಂಧದಲ್ಲಿ ಅದನ್ನ ಬರೀಲಿಲ್ಲ, ಪೆನ್ಷನ್ ಬರ್ತಿದೆ.

ಅಕ್ಷಯಾ ಯಾಕೆ ಬಿಟ್ಲು ಅಂತಾ?

ಹೇಳ್ತೀನಿ. ಮೊದಲನೇ ವರ್ಷ ಐದೂ ದಿನ ಕಾಲೇಜು. ಎರಡು ಬಸ್ಸು ಬದಲಾಯಿಸಿ ಹೋಗ್ತಿದ್ಲು, ಬೈಕೊಂಡು ಹೋಗ್ತಿದ್ಲು, ಆದ್ರೂ ಹೋಗ್ತಿದ್ಲು. ಊಟದ ಡಬ್ಬಿಗೆ ನಾಲ್ಕು ಕೈ ಬೀಳ್ತಿತ್ತು ಅಂತ ನಾನು ಎರಡು ಪಾವು ಜಾಸ್ತಿ ಅಕ್ಕಿ ಹಾಕ್ತಿದ್ದೆ. ಈ ವರ್ಷ ನಿಮ್ಮ ಹೊಸ ಏರ್ಪಾಡು. ಮೂರು ದಿನ ಮನೇಲಿ, ಎರಡು ದಿನ ಅಲ್ಲಿ. ಆ ಎರಡು ದಿನದಲ್ಲೂ ಗುಂಪು ಗುಂಪಾಗಿ ಕಲಸಿಬಿಟ್ರಿ, ಹಳೇ ಸ್ನೇಹಿತೆಯರು ಒಂದೊಂದು ಕಡೆ. ಪರದೆ ಮೇಲೆ ಬರೀ ಗುಂಡು ಗುಂಡು ವೃತ್ತ, ಅದರೊಳಗೆ ಒಂದೊಂದು ಅಕ್ಷರ. ಗುರುವಾರ ಹೋದ್ರೆ ಯಾವ ಅಕ್ಷರ ಯಾವ ಮುಖ ಅಂತ ಗೊತ್ತಿಲ್ಲ. ಒಬ್ಬರ ನಂಬರ್ ಒಬ್ಬರ ಹತ್ರ ಇಲ್ಲ. ಡಬ್ಬಿ ಹೋದ ಹಾಗೇ ವಾಪಸ್ ಬರೋಕೆ ಶುರು ಆಯ್ತು. ಅದನ್ನ ನೋಡಿಯೇ ನನಗೆ ತಿಳೀಬೇಕಿತ್ತು, ಪುಳಿಯೋಗರೆ ವಾಪಸ್ ತರೋ ಹುಡುಗಿ ಅಲ್ಲ ಅವಳು.

ಜುಲೈನಲ್ಲಿ ಒಂದು ಶುಕ್ರವಾರ ಬಂದವಳು ಚಪ್ಪಲಿ ಬಿಡದೆ ಹಾಗೇ ಕೂತಳು… ಹೌದು, ಆ ಗುಲಾಬಿ ಚಪ್ಪಲಿ, ಅವಳದ್ದೇ, ಈಗ ಅದೊಂದನ್ನ ಹಿಡ್ಕೊಂಡು ಕೂರಬೇಡಿ. ‘ಅಜ್ಜಿ, ಬೆಳಗ್ಗಿಂದ ಸಂಜೆವರೆಗೆ ನನ್ನ ಹೆಸರು ಯಾರೂ ಕರೀಲಿಲ್ಲ. ನಾಳೆಯಿಂದ ನಾನು ಹೋಗದಿದ್ರೂ ಯಾರಿಗೂ ತಿಳಿಯಲ್ಲ’ ಅಂದ್ಲು. ಪಾಠ ಕಷ್ಟ ಅಂತ ಅಲ್ಲ ಮೇಡಂ. ಬಿಟ್ಟರೂ ಗೊತ್ತಾಗಲ್ಲ ಅಂತ.

ಸೋಮವಾರ ಲ್ಯಾಪ್‌ಟಾಪ್ ತಂದು ನನ್ನ ಮಂಚದ ಮೇಲೆ ಬಿಸಾಕಿದ್ಲು. ಅವಳ ಫೋನಿಂದ ಕಾಲೇಜಿನ ಆ್ಯಪ್ ಎಲ್ಲಾ ಕಿತ್ತು ಹಾಕಿದ್ಲು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಮಗ, ಸೊಸೆ ಇಬ್ಬರೂ ಅಂಬತ್ತೂರಲ್ಲಿ ಕೆಲಸ, ಏಳಕ್ಕೆ ಹೊರಟ್ರೆ ವಾಪಸ್ ಎಂಟಕ್ಕೆ, ಶನಿವಾರವೂ ಸೇರಿ. ಅವರಿಗೇನು ಗೊತ್ತು. ಆ ಲ್ಯಾಪ್‌ಟಾಪ್ ಮಾತ್ರ ಆಫ್ ಆಗಿರಲಿಲ್ಲ. ಒಂಬತ್ತಕ್ಕೆ ಅದರೊಳಗಿಂದ ನೀವು ಹಾಜರಿ ಕರೆದ್ರಿ. ‘ಅಕ್ಷಯಾ?’ ಅಂದ್ರಿ. ಮತ್ತೆ ‘ಅಕ್ಷಯಾ?’ ಬಾಗಿಲು ತೆಗೀಲಿಲ್ಲ ಅವಳು. ಮೂರನೇ ಸಲ ‘ಅಕ್ಷಯಾ ಇದ್ದೀಯೇನಮ್ಮಾ?’ ಅಂದ್ರಿ. ನೀವೇ ಹೇಳಿ, ಗಂಟೆ ಹೊಡ್ಕೊಳ್ತಿದ್ರೆ ಎತ್ತದೆ ಇರೋಕಾಗತ್ತಾ ನನಗೆ? ಜನ್ಮವೆಲ್ಲ ಅದೇ ಮಾಡಿದವಳಿಗೆ? ‘ಪ್ರೆಸೆಂಟ್ ಮೇಡಂ’ ಅಂದುಬಿಟ್ಟೆ.

ಒಂದೇ ದಿನ ಅಂದ್ಕೊಂಡೆ. ಅವಳ ಸೀಟು ಹೋಗಬಾರದು, ಒಂದು ವಾರದಲ್ಲಿ ಸರಿಹೋಗ್ತಾಳೆ, ಅಷ್ಟರವರೆಗೆ ಲೈನ್ ಹಿಡ್ಕೊಂಡಿರೋಣ ಅಂತ. ಅಷ್ಟೇ ಉದ್ದೇಶ. ಆಮೇಲೆ… ಆಮೇಲೆ ನೀವು ಪಾಠ ಚೆನ್ನಾಗಿ ಮಾಡ್ತೀರಿ, ಅದು ನನ್ನ ತಪ್ಪಾ?

ಸೋಮವಾರ ಸಂಜೆ ಐದರೊಳಗೆ ಅವಳೇ ಬಂದು ಸಹಿ ಹಾಕದಿದ್ರೆ ಪರೀಕ್ಷೆಗೆ ಹೆಸರು ಹೊಡೆದು ಹಾಕ್ತಾರಾ? ಅವಳೇ ಬರಬೇಕಾ? ನಾನು ಕ್ಯಾಮೆರಾ ಆಫ್ ಮಾಡ್ಕೊಂಡು ಬಂದ್ರೆ ಆಗಲ್ವಾ? ತಮಾಷೆಗೆ ಅಂದೆ ಮೇಡಂ. ಬರ್ತಾಳೆ. ಹೇಗಾದ್ರೂ ಮಾಡಿ ಕಳಿಸ್ತೀನಿ. ಅವಳ ಸೀಟು ಹೋದ್ರೆ ನನ್ನ ಮಗ ಸತ್ಯಾತ್ಮ ನನ್ನನ್ನ ನಿಜವಾಗಿ ಸಾಯಿಸ್ತಾನೆ, ಆಗ ಲೆಟರ್ ಬರೆಯೋಕೂ ನಾನಿರಲ್ಲ.

ಇನ್ನೂ ಕಾಗದ ಇದೆಯಾ? ಓ, ಇವಾ! ನಿಮ್ಮ ಇಮೇಲು, ಒಂದೊಂದರ ಕೆಳಗೆ ನಾನು ಬರೆದ ಉತ್ತರ. ಪ್ರಿಂಟ್ ತೆಗೆದು ಇಟ್ಕೊಂಡಿದ್ದೀರಾ? ನೋಡಿ, ಒಂದು ತಪ್ಪಿದೆಯಾ ಇಂಗ್ಲಿಷಲ್ಲಿ? ‘ಯುವರ್ಸ್ ಒಬೀಡಿಯೆಂಟ್ಲಿ’ ಅಂತ ಈಗ ಯಾರು ಬರೀತಾರೆ ಹೇಳಿ. ‘ಡಿಯರ್ ಮೇಡಂ, ಐ ಆ್ಯಮ್ ಕ್ವೈಟ್ ವೆಲ್. ಐ ಶಲ್ ಪೊಸಿಟಿವ್ಲಿ ಅಟೆಂಡ್ ನೆಕ್ಸ್ಟ್ ಥರ್ಸ್‌ಡೇ.’ ಎಷ್ಟು ಸಲ ಕೇಳಿದ್ರಿ ನೀವು! ಒಂದು, ಎರಡು… ಐದು ಸಲ. ‘ಅಕ್ಷಯಾ, ನೀನು ಗುರುವಾರ ಕಾಣ್ತಿಲ್ಲ, ಏನಾದ್ರೂ ತೊಂದರೆಯಾ? ಬಂದು ನನ್ನನ್ನ ನೋಡು.’ ಒಂದರಲ್ಲಂತೂ ‘ಎರಡನೇ ಸಾಲಲ್ಲಿ ಕಿಟಕಿ ಪಕ್ಕ ನಿನ್ನ ಜಾಗ ಹಾಗೇ ಇದೆ’ ಅಂತ… ಎಷ್ಟು ಚೆನ್ನಾಗಿ ಬರೆದಿದ್ರಿ. ಓದಿ ನನಗೇ ಕಣ್ಣು ತುಂಬಿತು.

ಏನು, ಇದಕ್ಕೆ ಅಕ್ಷಯಾ ಏನಂದ್ಲು ಅಂತಾ? ಅವಳು ಏನನ್ನಬೇಕು, ಅವಳಿಗೆ ಈ ಕಡೆ ಗಮನವೇ ಇಲ್ಲ. ದಿನಾ ಸಂಜೆ ಕಾಫಿಗೆ ಬಂದಾಗ ಒಂದೇ ಮಾತು ಕೇಳ್ತಾಳೆ. ‘ಯಾರಾವದು ಕೇಟ್ಟಾಂಗಳಾ, ಪಾಟಿ?’ ಯಾರಾದ್ರೂ ಕೇಳಿದ್ರಾ, ಅಜ್ಜಿ? ದಿನಾ ಅದೇ. ನಾನು, ಇರು ಕಣ್ಣಾ, ಚಕ್ಕುಲಿ ತಿನ್ನು ಅಂತ…

ಚಕ್ಕುಲಿ ಅಂದಾಗ ನೆನಪಾಯ್ತು, ತರ್ತೀನಿ ಇರಿ. ನಿನ್ನೆ ಕರಿದಿದ್ದು. ನಿಮ್ಮ ಹುಬ್ಬಳ್ಳಿ ಕಡೆಯಷ್ಟು ಖಾರ ಇರಲ್ಲ, ಆದ್ರೂ…

ಬೇಡವಾ.

ಇನ್ನೊಂದು ಕಾಫಿ? ಮೊದಲಿನದರಲ್ಲಿ ಅರ್ಧ ಸೀರೆ ಕುಡೀತು.

ಯಾಕೆ ಸುಮ್ಮನಾದ್ರಿ ಮೇಡಂ?

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಬುಧವಾರ ಆ ಹುಡುಗ ಸಮೀರ್‌ಗೆ ಬೈದ್ರಲ್ಲ, ಹಾಗೆ. ಸುಮ್ಮನೆ ಮಾತ್ರ ಕೂರಬೇಡಿ. ನನಗೆ ಮೌನ ಗೊತ್ತು. ಎರಡು ತರಹ ಇರತ್ತೆ ಲೈನಿನಲ್ಲಿ. ಸತ್ತ ಲೈನಿನ ಮೌನ ಒಂದು, ಅದರೊಳಗೆ ಏನೂ ಇರಲ್ಲ, ಬಾವಿ ಹಾಗೆ. ಇನ್ನೊಂದು, ಆ ಕಡೆ ಯಾರೋ ಉಸಿರು ಹಿಡ್ಕೊಂಡು ಕಾಯ್ತಿರೋದು. ನಿಮ್ಮದು ಎರಡನೇದು.

ಹಾಗೆ ಆ ಐದು ಕಾಗದ ಸಾಲಾಗಿ ಜೋಡಿಸ್ತಾ ಕೂತ್ರೆ ನಾನೇನು ಮಾಡಲಿ?

ಯಾರೂ ಕೇಳಲಿಲ್ಲ ಅಂತ ಹೇಳ್ದೆ.

ಹೌದು. ದಿನಾ. ‘ಯಾರೂ ಕೇಳಲಿಲ್ಲ ಕಣ್ಣಾ’ ಅಂತ ಹೇಳ್ದೆ. ನಿಮ್ಮ ಮೊದಲನೇ ಕಾಗದ ಬಂದ ದಿನವೂ. ಕಿಟಕಿ ಪಕ್ಕದ ಜಾಗ ಅಂತ ಬರೆದ ದಿನವೂ. ಅವಳು ತಲೆ ಆಡಿಸಿ, ಲೋಟ ತೊಳೆದಿಟ್ಟು ಒಳಗೆ ಹೋಗ್ತಿದ್ಲು. ಬಾಗಿಲು ಹಾಕೋ ಸದ್ದು ಒಂದೊಂದು ದಿನ ಒಂದೊಂದು ಚೂರು ಮೆತ್ತಗಾಗ್ತಿತ್ತು. ನಾನು ಅದನ್ನ ಕೇಳಿಸ್ಕೊಂಡು, ಮಾರನೇ ದಿನ ಬೇಗ ಎದ್ದು ತಲೆ ಬಾಚಿ… ಯಾರೂ ನೋಡಲ್ಲ, ಆದ್ರೂ ತಲೆ ಬಾಚಿ, ಹೂ ಮುಡಿದು ನಿಮ್ಮ ಕ್ಲಾಸಿಗೆ ಕೂರ್ತಿದ್ದೆ.

ಅವಳು ವಾಪಸ್ ಬಂದ್ರೆ ನನ್ನ ಸೀಟು ಹೋಗ್ತಿತ್ತಲ್ಲ ಮೇಡಂ!

ನಗಲ್ವಾ? ಇದಕ್ಕೂ ನಗಬಹುದಿತ್ತು. ಹತ್ತೊಂಬತ್ತು ವರ್ಷಕ್ಕೆ ನನಗೂ ಕಾಲೇಜಲ್ಲಿ ಸೀಟು ಸಿಕ್ಕಿತ್ತು, ಒಂದು ಟರ್ಮ್ ಹೋಗಿದ್ದೆ. ಅಪ್ಪ ಹೋದ್ರು, ಎಕ್ಸ್‌ಚೇಂಜ್ ಕೆಲಸ ಬಂತು. ನಾನು ಬಿಟ್ಟಿದ್ದನ್ನ ಆ ಕಾಲೇಜಲ್ಲೂ ಯಾರೂ ಕೇಳಲಿಲ್ಲ. ಇದನ್ನ ನೆವ ಅಂತ ಹೇಳ್ತಿಲ್ಲ. ಹೇಳ್ತಿದ್ದೀನೇನೋ. ಅಷ್ಟು ವರ್ಷದ ಸರ್ವಿಸಲ್ಲಿ ಒಂದು ಕಾಲ್ ತಪ್ಪಾಗಿ ಕೊಟ್ಟವಳಲ್ಲ ನಾನು. ಕದ್ದು ಕೇಳಿದೀನಿ, ಮೂರು ನಿಮಿಷದ ಕಾಲನ್ನ ಪ್ರೇಮಿಗಳಿಗೆ ಐದು ನಿಮಿಷ ಬಿಟ್ಟಿದೀನಿ. ಆದ್ರೆ ಪಾರ್ಟಿ ಲೈನಿನಲ್ಲಿ ಇರೋವಾಗ ‘ನೋ ರಿಪ್ಲೈ’ ಅಂತ ಯಾರಿಗೂ ಹೇಳಿರಲಿಲ್ಲ. ಎಲ್ಲಾ ಬಿಟ್ಟು, ಸ್ವಂತ ಮೊಮ್ಮಗಳಿಗೆ ಬಂದ ಪಿ.ಪಿ. ಕಾಲನ್ನ ನಾನು ಮಾತಾಡಿ ಇಟ್ಟುಬಿಟ್ಟೆ.

ಎಲ್ಲಿಗೆ ಎದ್ರಿ? ಟಿ. ನಗರಕ್ಕೆ ಹುಡುಕ್ಕೊಂಡು ಹೋಗ್ತೀರಾ? ಕೂತ್ಕೊಳ್ಳಿ. ಟೈಲರೂ ಇಲ್ಲ, ರವಿಕೆಯೂ ಇಲ್ಲ. ಆ ಚಪ್ಪಲಿ ನೋಡಿದಾಗಲೇ ನಿಮಗೆ ಗೊತ್ತಾಗಿತ್ತು. ಒಳಗೇ ಇದ್ದಾಳೆ, ಆ ಎಡಗಡೆ ಬಾಗಿಲು. ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಮಲಗಿರ್ತಾಳೆ, ಒಂದಕ್ಷರ ಕೇಳಿಸಿರಲ್ಲ. ಒಳ್ಳೇದೇ ಆಯ್ತು. ಯಾರಿಂದಲೋ ಕೇಳೋದಕ್ಕಿಂತ…

ಒಂದು ನಿಮಿಷ. ಕೂದಲು ಸರಿ ಮಾಡ್ಕೊತೀನಿ. ಗಂಟಲು… ಹೂಂ. ಇರಿ.

ಅಕ್ಷಯಾ! ಏ ಅಕ್ಷಯಾ! ಬಾಗಿಲು ತೆಗಿ. ಅದನ್ನ ಕಿವಿಯಿಂದ ತೆಗೀಮ್ಮ. ಇಲ್ಲ, ಕಾಫಿಗಲ್ಲ. ಹೊರಗೆ ಬಾ. ನಿನಗೊಂದು ಪಿ.ಪಿ. ಕಾಲ್ ಇದೆ. ಆಗಸ್ಟಿಂದ ಹೋಲ್ಡಲ್ಲಿದೆ.

ಬಂದ್ಯಾ. ಇವರು ಯಾರು ಗೊತ್ತಾಯ್ತಾ? ನಿನ್ನ ತೇಜಶ್ರೀ ಮೇಡಂ. ಮಾಂಬಲಂವರೆಗೆ ಬಸ್ಸಲ್ಲಿ ಬಂದಿದಾರೆ, ಆ ಗಂಟಲಲ್ಲಿ. ಕೈಯಲ್ಲಿ ಐದು ಕಾಗದ ಇದೆ. ಐದೂ ನಿನ್ನ ಹೆಸರಿಗೆ. ನನ್ನ ಮುಖ ನೋಡಬೇಡ, ಅವನ್ನ ನೋಡು. ಸಂಜೆ ಸಂಜೆ ಕೇಳ್ತಿದ್ಯಲ್ಲ, ಯಾರಾದ್ರೂ… ನಾನು ಹೇಳಿದ್ದು…

ಕೇಟ್ಟಾಂಗ, ಕಣ್ಣಾ. ಐದು ಸಲ ಕೇಟ್ಟಾಂಗ.

ಅಳಬೇಡ. ಬೈಯೋದಾದ್ರೆ ಆಮೇಲೆ ಬೈಯಿ, ಸತ್ತ ಅಜ್ಜಿ ಎಲ್ಲಿಗೆ ಹೋಗ್ತಾಳೆ. ಮೊದಲು ಮಾತಾಡು. ಮಾತಾಡಿ ಮೇಡಂ, ನಿಮ್ಮ ಪಾರ್ಟಿ ಲೈನಿನಲ್ಲಿದ್ದಾರೆ.

ನಾನು ಅಡುಗೆಮನೇಲಿ ಇರ್ತೀನಿ. ಕೇಳಿಸ್ಕೊಳ್ಳಲ್ಲ.